ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ, ಆದರೆ ಪದೇ ಪದೇ ಇಸಿಜಿ ಯಾಕೆ? ಅಯಾನ್ ಚಾನೆಲ್ ಬಗ್ಗೆ ತಿಳಿದವರು ಹೇಳಿ

ಸುಮಾ_ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಎಪಿಎಲ್ ಇದೆ ಅಂತ ಹೋದ ತಿಂಗಳು ಗೊತ್ತಾಯಿತು. ಅಂದರೆ ಅಕ್ಯೂಟ್ ಪ್ರೊಮೈಲೋಸೈಟಿಕ್ ಲುಕೇಮಿಯಾ. ಈಗ ಆಟ್ರಾ ಮಾತ್ರೆ, ಜೊತೆಗೆ ಆರ್ಸೆನಿಕ್ ಡ್ರಿಪ್ ಕೊಡುತ್ತಿದ್ದಾರೆ. ಮೊದಲ ವಾರ ಎಲ್ಲ ಸರಿ ಇತ್ತು. ನಿನ್ನೆ ರೌಂಡ್ಸ್‌ಗೆ ಬಂದ ಡಾಕ್ಟರು ಇಸಿಜಿ ನೋಡಿ "ಕ್ಯೂಟಿ ಜಾಸ್ತಿ ಆಗಿದೆ, ಇವತ್ತು ಆರ್ಸೆನಿಕ್ ಬೇಡ, ಪೊಟ್ಯಾಷಿಯಂ ಹಾಕಿ" ಅಂದರು. ನಮಗೆ ಕೈಕಾಲು ಆಡಲಿಲ್ಲ. ಅವನಿಗೆ ಹೃದಯದ ತೊಂದರೆ ಯಾವತ್ತೂ ಇರಲಿಲ್ಲ.

ರಾತ್ರಿ ಮೊಬೈಲಲ್ಲಿ ಹುಡುಕಿದಾಗ ಅಯಾನ್ ಚಾನೆಲ್ ಅನ್ನುವ ಮಾತು ಸಿಕ್ಕಿತು. ಹೃದಯದಲ್ಲಿರುವ ಒಂದು ಚಾನೆಲ್ ಲುಕೇಮಿಯಾ ಕೋಶಗಳಲ್ಲೂ ಇದೆ ಅಂತ ಒಂದು ಕಡೆ ಬರೆದಿತ್ತು. ಏನಿದು? ರಕ್ತದ ಕಾಯಿಲೆಗೂ ಹೃದಯಕ್ಕೂ ಏನು ಸಂಬಂಧ? ದಯವಿಟ್ಟು ಅರ್ಥವಾಗುವ ಹಾಗೆ ಹೇಳಿ.

ರಾತ್ರಿಪಾಳಿ

ಸುಮಾ ಅವರೇ, ನಾನು ಹೆಮಟಾಲಜಿ, ಅಂದರೆ ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮೊದಲು ಧೈರ್ಯ ತಂದುಕೊಳ್ಳಿ. ಇದನ್ನು ಹಿಡಿಯುವುದಕ್ಕೇ ಇಸಿಜಿ ಮಾಡುವುದು. ಹಿಡಿದಿದ್ದಾರೆ, ಡೋಸ್ ನಿಲ್ಲಿಸಿದ್ದಾರೆ. ಅದು ಸರಿಯಾದ ಕೆಲಸ.

ಇಸಿಜಿಯಲ್ಲಿ ಕ್ಯೂ ಅನ್ನುವ ಕಡೆಯಿಂದ ಟಿ ಅಲೆ ಮುಗಿಯುವವರೆಗಿನ ಸಮಯವೇ ಕ್ಯೂಟಿ. ನಾಡಿ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ ಕ್ಯೂಟಿಸಿ. ಗಂಡಸರಲ್ಲಿ ಸಾಮಾನ್ಯವಾಗಿ 450 ಮಿಲಿಸೆಕೆಂಡ್ ಒಳಗೆ ಇರಬೇಕು. 500 ದಾಟಿದರೆ ಆರ್ಸೆನಿಕ್ ತಡೆಹಿಡಿದು, ಕಾರಣ ಸರಿಪಡಿಸಿ, ಇಳಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ರಕ್ತದಲ್ಲಿ ಪೊಟ್ಯಾಷಿಯಂ 4ಕ್ಕಿಂತ ಮೇಲೆ, ಮೆಗ್ನೀಷಿಯಂ 1.8ಕ್ಕಿಂತ ಮೇಲೆ ಇಟ್ಟುಕೊಳ್ಳುವುದು ನಿಯಮ. ಒಂದೆರಡು ಡೋಸ್ ತಡವಾದರೆ ಚಿಕಿತ್ಸೆ ಕೆಟ್ಟುಹೋಗುವುದಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಲ್ಯಾಬಿನವರು ಚೆನ್ನಾಗಿ ಹೇಳುತ್ತಾರೆ. ತಮ್ಮನಿಗೆ ತಲೆಸುತ್ತು, ಎದೆಬಡಿತ ಏರುಪೇರು ಅನ್ನಿಸಿದರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಬೆಳಗ್ಗೆ ಹೇಳೋಣ ಅಂತ ಕಾಯಬೇಡಿ.

ಪ್ಯಾಚ್‌ಕ್ಲ್ಯಾಂಪ್

ನಾನು ಅಯಾನ್ ಚಾನೆಲ್ ಮೇಲೆ ಕೆಲಸ ಮಾಡುವವಳು, ಡಾಕ್ಟರಲ್ಲ. ನನಗೆ ಗೊತ್ತಿರುವುದನ್ನು ಬರೆಯುತ್ತೇನೆ.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಪೊಟ್ಯಾಷಿಯಂ, ಸೋಡಿಯಂ, ಕ್ಯಾಲ್ಸಿಯಂ ಇವು ಅದನ್ನು ತಾವಾಗಿ ದಾಟಲಾರವು. ದಾಟಿಸಲು ಪೊರೆಯಲ್ಲಿ ಪ್ರೊಟೀನ್‌ಗಳಿವೆ. ಅವುಗಳಲ್ಲಿ ಎರಡು ಬಗೆ. ಚಾನೆಲ್ ಅಂದರೆ ಕೆರೆಯ ತೂಬು. ತೆರೆದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೇ ಹರಿಯುತ್ತದೆ. ಇನ್ನೊಂದು ಪಂಪ್‌ಸೆಟ್ಟು. ಅದು ಶಕ್ತಿ ಖರ್ಚು ಮಾಡಿ ಎತ್ತಿ ಹಾಕುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗಬಹುದು.

ನೀವು ಓದಿದ ಚಾನೆಲ್‌ನ ಹೆಸರು ಹರ್ಗ್. ಪೊಟ್ಯಾಷಿಯಂ ಹರಿಯುವ ತೂಬು. ಇದರ ಜೀನ್ ಅನ್ನು ಬೇರ್ಪಡಿಸಿದ್ದು 1994ರಲ್ಲಿ. ಅದು ಕೆಟ್ಟರೆ ಹುಟ್ಟಿನಿಂದಲೇ ಕ್ಯೂಟಿ ಉದ್ದವಿರುವ ಕಾಯಿಲೆ ಬರುತ್ತದೆ ಅಂತ ಮರುವರ್ಷ ತಿಳಿಯಿತು. ಪ್ರತಿ ಬಡಿತದ ಕೊನೆಗೆ ಹೃದಯದ ಕೋಶಗಳು ಪೊಟ್ಯಾಷಿಯಂ ಹೊರಗೆ ಬಿಟ್ಟು ಮುಂದಿನ ಬಡಿತಕ್ಕೆ ಸಿದ್ಧವಾಗುತ್ತವೆ. ಆ ಕೆಲಸದ ದೊಡ್ಡ ಪಾಲು ಹರ್ಗ್‌ನದು. ಅದು ಕಡಿಮೆಯಾದರೆ ಸಿದ್ಧವಾಗಲು ಹೊತ್ತು ಹಿಡಿಯುತ್ತದೆ. ಇಸಿಜಿಯಲ್ಲಿ ಅದೇ ಉದ್ದದ ಕ್ಯೂಟಿಯಾಗಿ ಕಾಣುತ್ತದೆ. ತೀರಾ ಉದ್ದವಾದರೆ ಬಡಿತದ ಲಯವೇ ತಪ್ಪುವ ಅಪಾಯವಿದೆ.

ಆರ್ಸೆನಿಕ್ ಇಲ್ಲಿ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಎಷ್ಟೋ ಔಷಧಿಗಳು ಹರ್ಗ್‌ನ ಬಾಯಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಆರ್ಸೆನಿಕ್ ಮುಖ್ಯವಾಗಿ ಹೊಸದಾಗಿ ತಯಾರಾದ ಹರ್ಗ್ ಪ್ರೊಟೀನು ಕೋಶದ ಒಳಗಿನಿಂದ ಪೊರೆಗೆ ಬಂದು ಸೇರದಂತೆ ಮಾಡುತ್ತದೆ. ಹಳೆಯವು ಸವೆಯುತ್ತಾ ಹೋಗುತ್ತವೆ, ಹೊಸವು ಬರುವುದಿಲ್ಲ. ಹಾಗಾಗಿ ಪರಿಣಾಮ ಮೊದಲ ಡ್ರಿಪ್ಪಿಗೇ ಪೂರ್ತಿ ಕಾಣಿಸುವುದಿಲ್ಲ, ಬರಬರುತ್ತಾ ಏರುತ್ತದೆ. ಕ್ಯೂಟಿ ಉದ್ದವಾಗುವುದು ಸಾಮಾನ್ಯವಾಗಿ ಒಂದರಿಂದ ಐದನೇ ವಾರದ ನಡುವೆ. ನಿಮ್ಮ ತಮ್ಮನಿಗೆ ಮೊದಲ ವಾರ ಸರಿ ಇದ್ದು ಈಗ ಹೆಚ್ಚಾಗಿದ್ದು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಮೊದಲ ಇಸಿಜಿ ಚೆನ್ನಾಗಿತ್ತು ಅಂತ ಆಮೇಲಿನವನ್ನು ಯಾರೂ ಬಿಡಬಾರದು.

ಇನ್ನು ಪೊಟ್ಯಾಷಿಯಂ. ರಕ್ತದಲ್ಲಿ ಅದು ಕಡಿಮೆಯಾದರೆ ಹರ್ಗ್ ಮೂಲಕ ಹರಿವು ಇನ್ನೂ ತಗ್ಗುತ್ತದೆ. ಅದಕ್ಕೇ ಡ್ರಿಪ್ಪಲ್ಲಿ ಹಾಕುತ್ತಾರೆ.

ಬಿಎಸ್ಸಿ_ಹುಡುಗ

ಮೇಡಂ, ಹಾಗಾದರೆ ಆರ್ಸೆನಿಕ್ ಕ್ಯಾನ್ಸರ್ ಕೋಶದ ಹರ್ಗ್ ಅನ್ನೂ ಕಡಿಮೆ ಮಾಡಿ ಕೊಲ್ಲುತ್ತದೆ ಅಂತಲಾ?

ಪ್ಯಾಚ್‌ಕ್ಲ್ಯಾಂಪ್

ಅಲ್ಲ. ಎಪಿಎಲ್‌ನಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಪಿಎಂಎಲ್-ರಾರಾ ಅನ್ನುವ ಕೂಡು ಪ್ರೊಟೀನ್ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಬಲಿಯದೆ ಎಳೆಯ ಹಂತದಲ್ಲೇ ನಿಲ್ಲಲು ಅದು ಕಾರಣ. ಆರ್ಸೆನಿಕ್ ಅದರ ಪಿಎಂಎಲ್ ಭಾಗಕ್ಕೆ ನೇರವಾಗಿ ಅಂಟಿ ಆ ಪ್ರೊಟೀನನ್ನೇ ನಾಶಕ್ಕೆ ದೂಡುತ್ತದೆ. ಗುಣವಾಗುವುದು ಅದರಿಂದ. ಹರ್ಗ್ ಮೇಲಿನ ಪೆಟ್ಟು ಅಡ್ಡಪರಿಣಾಮ.

ಸುಮಾ ಅವರಿಗೆ ಒಂದು ಮಾತು. ಆರ್ಸೆನಿಕ್ ಚಿಕಿತ್ಸೆ 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಶುರುವಾಯಿತು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿಯಲ್ಲಿ 1998ರಿಂದ 2004ರವರೆಗೆ 72 ಹೊಸ ಎಪಿಎಲ್ ರೋಗಿಗಳಿಗೆ ಬಹುಮಟ್ಟಿಗೆ ಆರ್ಸೆನಿಕ್ ಒಂದನ್ನೇ ಕೊಟ್ಟರು. 86% ಜನರಲ್ಲಿ ಕಾಯಿಲೆ ಪೂರ್ತಿ ಹಿಮ್ಮೆಟ್ಟಿತು. ದುಬಾರಿ ಚಿಕಿತ್ಸೆ ಕೊಡಿಸಲಾಗದ ಮನೆಗಳಿಗೆ ಅದು ಎಷ್ಟು ದೊಡ್ಡ ಸಂಗತಿ ಅಂತ ಯೋಚಿಸಿ. ಆಮೇಲೆ 2013ರಲ್ಲಿ ಇಟಲಿ ಮತ್ತು ಜರ್ಮನಿಯ ವೈದ್ಯರು ಆಟ್ರಾ ಜೊತೆ ಆರ್ಸೆನಿಕ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಅಪಾಯ ಕಡಿಮೆ ಇರುವ ರೋಗಿಗಳಲ್ಲಿ ಎರಡು ವರ್ಷಕ್ಕೆ 97% ಜನ ಕಾಯಿಲೆ ಮರುಕಳಿಸದೆ ಬದುಕಿದ್ದರು. ಆಟ್ರಾ ಜೊತೆ ಕೀಮೋ ತೆಗೆದುಕೊಂಡವರಲ್ಲಿ 86%. ನಿಮ್ಮ ತಮ್ಮನಿಗೆ ಸಿಗುತ್ತಿರುವುದು ಈ ಜೋಡಿಯೇ.

ದೊಡ್ಡಮನೆ

ನಮ್ಮ ಕಡೆ ಒಬ್ಬರು ನಾಟಿ ವೈದ್ಯರು ಪಾಷಾಣ ಶುದ್ಧಿ ಮಾಡಿ ಕೊಡುತ್ತಾರೆ. ಆರ್ಸೆನಿಕ್ ಅಂದರೆ ಪಾಷಾಣವೇ ತಾನೇ? ಆಸ್ಪತ್ರೆ ಖರ್ಚು ಯಾಕೆ ಅಂತ ಊರಲ್ಲಿ ಕೇಳುತ್ತಾರೆ.

ರಾತ್ರಿಪಾಳಿ

ದೊಡ್ಡಮನೆಯವರೇ, ದಯವಿಟ್ಟು ಬೇಡ. ಇಲ್ಲಿ ಕೊಡುವುದು ಕೆಜಿಗೆ 0.15 ಮಿಲಿಗ್ರಾಂ ಲೆಕ್ಕ. 60 ಕೆಜಿಯವರಿಗೆ ಇಡೀ ದಿನಕ್ಕೆ 9 ಮಿಲಿಗ್ರಾಂ. ಅಷ್ಟನ್ನೂ ಅಳೆದು, ಸಲೈನಿಗೆ ಸೇರಿಸಿ, ನಿಧಾನ ಎರಡು ಗಂಟೆ ಬಿಡುತ್ತೇವೆ. ಅಷ್ಟು ಜಾಗ್ರತೆ ಮಾಡಿದರೂ ಸುಮಾ ಅವರ ತಮ್ಮನಿಗೆ ಕ್ಯೂಟಿ ಏರಿದೆ ನೋಡಿ. ಇಸಿಜಿ ಇಲ್ಲದ ಕಡೆ, ಪುಡಿಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ನುಂಗಿದರೆ ಏನಾಗಬಹುದು? ಅದೂ ಅಲ್ಲದೆ ಇದು ಎಪಿಎಲ್ ಎಂಬ ಒಂದು ಬಗೆಗೆ ಮಾತ್ರ ಹೀಗೆ ಕೆಲಸ ಮಾಡುತ್ತದೆ. ಯಾವ ಲುಕೇಮಿಯಾ ಅಂತ ಹೇಳಲು ರಕ್ತ, ಬೋನ್ ಮ್ಯಾರೋ (ಮೂಳೆಮಜ್ಜೆ) ಪರೀಕ್ಷೆಯೇ ಆಗಬೇಕು. ಎಪಿಎಲ್‌ನಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಜೀವ ತೆಗೆಯುವುದು. ಊರಲ್ಲಿ ಕಳೆದ ನಾಲ್ಕು ದಿನವನ್ನು ಆಮೇಲೆ ಯಾರೂ ತಂದುಕೊಡಲಾರರು.

ಬಿಎಸ್ಸಿ_ಹುಡುಗ

ಲುಕೇಮಿಯಾ ಕೋಶಕ್ಕೆ ಹರ್ಗ್ ಯಾಕೆ ಬೇಕು ಅನ್ನುವುದು ಇನ್ನೂ ಗೊತ್ತಾಗಲಿಲ್ಲ ಮೇಡಂ. ಅದು ಬಡಿಯುವ ಕೋಶವಲ್ಲವಲ್ಲ. ಬೇಕೇ ಬೇಕು ಅಂತಾದರೆ ಅದನ್ನು ಮುಚ್ಚುವ ಔಷಧಿ ಕೊಟ್ಟು ಕೊಲ್ಲಬಹುದಲ್ವಾ?

ಪ್ಯಾಚ್‌ಕ್ಲ್ಯಾಂಪ್

ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದೇ ಈ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಇಟಲಿಯ ಫ್ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಅನ್ನರೋಸಾ ಅರ್ಕಾಂಜೆಲಿ ಅವರ ತಂಡ ಇದರ ಹಿಂದೆ ಬಿದ್ದು ದಶಕಗಳೇ ಆದವು. ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ ರೋಗಿಗಳ ಕೋಶಗಳಲ್ಲಿ ಹರ್ಗ್ ಸದಾ ಇರುತ್ತದೆ ಅಂತ ಅವರು 2002ರಲ್ಲಿ ತೋರಿಸಿದರು. ಸುಮ್ಮನೆ ಕೂತ ಆರೋಗ್ಯವಂತ ಮಜ್ಜೆಯ ಮೂಲಕೋಶಗಳಲ್ಲಿ ಅದು ಇಲ್ಲ. ಅವು ವಿಭಜನೆಗೆ ಹೊರಟಾಗ ಮಾತ್ರ ಕಾಣಿಸುತ್ತದೆ. ಅಂದರೆ ಕೋಶ ಎರಡಾಗುವ ಕೆಲಸಕ್ಕೂ ಈ ಚಾನೆಲ್‌ಗೂ ನಂಟಿದೆ. ಲುಕೇಮಿಯಾ ಆ ಸ್ಥಿತಿಯನ್ನು ಕಾಯಂ ಮಾಡಿಕೊಂಡಿದೆ.

ಇದಕ್ಕಿಂತ ನನಗೆ ಮುಖ್ಯ ಅನ್ನಿಸುವುದು 2011ರ ಕೆಲಸ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ, ಮಕ್ಕಳಲ್ಲಿ ಹೆಚ್ಚು ಕಾಣುವ ಬಗೆ. ಈ ಕೋಶಗಳನ್ನು ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸಿ ಕೀಮೋ ಔಷಧಿ ಹಾಕಿದರೆ ಸಾಯುತ್ತವೆ. ಅದೇ ಕೋಶಗಳನ್ನು ಮೂಳೆಮಜ್ಜೆಯ ಆಧಾರ ಕೋಶಗಳ ಮೇಲೆ ಕೂರಿಸಿ ಅದೇ ಔಷಧಿ ಹಾಕಿದರೆ ಬಹಳಷ್ಟು ಬದುಕಿಕೊಳ್ಳುತ್ತವೆ. ಮಜ್ಜೆ ಅವುಗಳಿಗೆ ಅಡಗುತಾಣ. ಕೀಮೋ ಮುಗಿದ ಮೇಲೂ ಕಾಯಿಲೆ ಮರಳಲು ಇದೊಂದು ಕಾರಣ. ಅಲ್ಲಿ ನೋಡಿದರೆ ಕೋಶವನ್ನು ಮಜ್ಜೆಗೆ ಅಂಟಿಸಿ ಹಿಡಿಯುವ ಇಂಟಿಗ್ರಿನ್ ಅನ್ನುವ ಪ್ರೊಟೀನ್ ಪಕ್ಕದಲ್ಲೇ ಹರ್ಗ್ ಬಂದು ಜೋಡಿಯಾಗಿತ್ತು. ಆ ಜೋಡಿಯಿಂದ ಕೋಶದೊಳಕ್ಕೆ "ಸಾಯಬೇಡ" ಅನ್ನುವ ಸಂಕೇತ ಹೋಗುತ್ತದೆ. ಹರ್ಗ್ ಅನ್ನು ಮುಚ್ಚುವ ಔಷಧಿ ಸೇರಿಸಿದಾಗ ಮಜ್ಜೆಯ ಆಸರೆ ಕೆಲಸಕ್ಕೆ ಬರಲಿಲ್ಲ. ಕೀಮೋ ಮತ್ತೆ ನಾಟಿತು. ಇಲಿಗಳಲ್ಲೂ ಮಜ್ಜೆಯಲ್ಲಿದ್ದ ಲುಕೇಮಿಯಾ ಕೋಶಗಳು ಕಡಿಮೆಯಾದವು.

ಹಾಗಾದರೆ ರೋಗಿಗೆ ಯಾಕೆ ಕೊಡುತ್ತಿಲ್ಲ? ಸುಮಾ ಅವರ ತಮ್ಮನ ಇಸಿಜಿಯೇ ಉತ್ತರ. ಹರ್ಗ್ ಮುಚ್ಚುವ ಔಷಧಿ ಕೊಟ್ಟರೆ ಹೃದಯದಲ್ಲೂ ಮುಚ್ಚುತ್ತದೆ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್, ಅಸ್ಟೆಮಿಜೋಲ್, ಹೊಟ್ಟೆಗೆ ಕೊಡುತ್ತಿದ್ದ ಸಿಸಾಪ್ರೈಡ್ ಇವೆಲ್ಲ ಅಮೆರಿಕದ ಮಾರುಕಟ್ಟೆಯಿಂದ ಹೋದದ್ದು ಇದೇ ಕಾರಣಕ್ಕೆ. ಈಗ ಯಾವ ಹೊಸ ಔಷಧಿ ಬಂದರೂ ಹರ್ಗ್ ಮೇಲೆ ಪರೀಕ್ಷೆ ಮಾಡದೆ ಮುಂದಕ್ಕೆ ಬಿಡುವುದಿಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಹೃದಯದಲ್ಲಿ ಹರ್ಗ್ ಜೊತೆ ಬೇರೆ ಸಂಗಾತಿ ಪ್ರೊಟೀನ್ ಇರುತ್ತದೆ. ಹಾಗಾಗಿ ಅಲ್ಲಿ ಇಂಟಿಗ್ರಿನ್ ಜೊತೆಗಿನ ಜೋಡಿ ಆಗುವುದಿಲ್ಲ ಅಂತ ಅದೇ ತಂಡ 2017ರಲ್ಲಿ ತೋರಿಸಿತು. ಚಾನೆಲ್ ಮುಚ್ಚುವ ಬದಲು ಆ ಜೋಡಿಯನ್ನು ಮಾತ್ರ ಗುರುತಿಸಿ ಹಿಡಿಯುವ ಆಂಟಿಬಾಡಿಯನ್ನೂ ತಯಾರಿಸಿದ್ದಾರೆ. ನನಗೆ ಭರವಸೆ ಇರುವುದು ಈ ದಾರಿಯ ಮೇಲೆ. ಚಾನೆಲ್ ಅಂದ ಕೂಡಲೇ ಮುಚ್ಚಬೇಕು ಅಂತ ಯೋಚಿಸುವುದನ್ನು ಬಿಟ್ಟು, ಕ್ಯಾನ್ಸರ್ ಕೋಶದಲ್ಲಿ ಅದು ಯಾರ ಜೊತೆ ಸೇರಿದೆ ಅಂತ ನೋಡಬೇಕು. ಇದೆಲ್ಲ ಸದ್ಯಕ್ಕೆ ಲ್ಯಾಬಿನ ಮಾತು. ವಾರ್ಡಿಗೆ ಬಂದಿಲ್ಲ.

ಮೆಡಿಕಲ್‌ಶಾಪ್_ಗಿರಿ

ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಸುಮಾ ಅವರಿಗೆ ನನ್ನ ಕಡೆಯಿಂದ ಒಂದು ಎಚ್ಚರಿಕೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬೇಕಾಗುತ್ತದೆ.

ಹೊಟ್ಟೆ ಉಬ್ಬರ ಅಂತ ಬಂದವರು ಅಂಗಡಿಯಲ್ಲಿ ನೇರವಾಗಿ ಕೇಳುವುದು ಗ್ಯಾಸ್ ಮಾತ್ರೆ. ಅದರಲ್ಲಿ ಬಹಳಷ್ಟು ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುತ್ತದೆ. ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ. ಡೊಂಪೆರಿಡೋನ್ ಕೂಡ ಹರ್ಗ್ ಮುಚ್ಚುವ ಔಷಧಿಯೇ. ಸಾಮಾನ್ಯ ಜನರಿಗೆ ನಾಲ್ಕು ದಿನಕ್ಕೆ ಹೆಚ್ಚು ತೊಂದರೆ ಇಲ್ಲ. ಆದರೆ ಆರ್ಸೆನಿಕ್ ನಡೆಯುತ್ತಿರುವವರಿಗೆ ಕೇಳದೆ ಕೊಡಬಾರದು. ಕೆಮ್ಮು, ಗಂಟಲುನೋವಿಗೆ ಅಂತ ತೆಗೆದುಕೊಳ್ಳುವ ಅಜಿತ್ರೋಮೈಸಿನ್, ಲಿವೊಫ್ಲಾಕ್ಸಾಸಿನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಎಲ್ಲವೂ ಕ್ಯೂಟಿ ಉದ್ದ ಮಾಡಬಲ್ಲವು. ಆಸ್ಪತ್ರೆಯವರು ಇವುಗಳಲ್ಲಿ ಕೆಲವನ್ನು ಲೆಕ್ಕ ಹಾಕಿಯೇ ಕೊಡುತ್ತಾರೆ. ಅದರ ಮೇಲೆ ನಾವು ಅಂಗಡಿಯಿಂದ ಒಂದು ಸೇರಿಸಿದರೆ ಆ ಲೆಕ್ಕ ತಪ್ಪುತ್ತದೆ.

ಒಂದು ಹಾಳೆಯಲ್ಲಿ ಅವನು ತೆಗೆದುಕೊಳ್ಳುವ ಎಲ್ಲ ಔಷಧಿ ಬರೆದಿಡಿ. ಯಾವ ಅಂಗಡಿಗೆ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ.

ಸುಮಾ_ತುಮಕೂರು

ಗಿರಿ ಅಣ್ಣಾ, ನಮ್ಮ ಬ್ಯಾಗಲ್ಲೇ ಆ ಗ್ಯಾಸ್ ಕ್ಯಾಪ್ಸೂಲ್ ಪಟ್ಟಿ ಇದೆ. ಅಪ್ಪ ತೆಗೆದುಕೊಳ್ಳುವುದು. ತಮ್ಮನಿಗೆ ಕೊಟ್ಟಿಲ್ಲ. ಈಗಲೇ ಬೇರೆ ಕಡೆ ಎತ್ತಿಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಪೊಟ್ಯಾಷಿಯಂ ಕಡಿಮೆ ಅಂದಮೇಲೆ ಅಮ್ಮ ದಿನಾ ಎಳನೀರು ಕೊಡೋಣ ಅಂತಿದ್ದಾರೆ. ಕೊಡಬಹುದಾ?

ರಾತ್ರಿಪಾಳಿ

ಡಾಕ್ಟರನ್ನು ಕೇಳದೆ ಬೇಡ ಸುಮಾ. ಎಳನೀರಲ್ಲಿ ಪೊಟ್ಯಾಷಿಯಂ ಚೆನ್ನಾಗಿಯೇ ಇದೆ, 100 ಮಿಲಿಗೆ ಸುಮಾರು 250 ಮಿಲಿಗ್ರಾಂವರೆಗೆ. ತೊಂದರೆ ಅದೇ. ಲುಕೇಮಿಯಾ ಚಿಕಿತ್ಸೆಯಲ್ಲಿ ಪೊಟ್ಯಾಷಿಯಂ ಎರಡೂ ಕಡೆ ಓಡಾಡುತ್ತದೆ. ವಾಂತಿ, ಭೇದಿ, ಆಂಫೊಟೆರಿಸಿನ್ ಅನ್ನುವ ಫಂಗಸ್ ಇಂಜೆಕ್ಷನ್ ಇವುಗಳಿಂದ ಇಳಿಯುತ್ತದೆ. ಒಮ್ಮೆಗೇ ತುಂಬಾ ಕ್ಯಾನ್ಸರ್ ಕೋಶಗಳು ಒಡೆದರೆ ಅವುಗಳ ಒಳಗಿನದೆಲ್ಲ ರಕ್ತಕ್ಕೆ ಬಂದು ಏರುತ್ತದೆ. ಕಿಡ್ನಿ ಸ್ವಲ್ಪ ಸೋತರೂ ಏರುತ್ತದೆ. ಏರಿದರೂ ಹೃದಯಕ್ಕೆ ಅಪಾಯವೇ. ಡ್ರಿಪ್ಪಲ್ಲಿ ಹಾಕುವಾಗ ರಿಪೋರ್ಟ್ ನೋಡಿ ಅಳೆದು ಹಾಕುತ್ತೇವೆ. ಬಿಳಿ ಕಣ ಕಡಿಮೆ ಇರುವಾಗ ರಸ್ತೆಬದಿಯಲ್ಲಿ ಕೊಚ್ಚಿದ ಎಳನೀರಿನಿಂದ ಸೋಂಕಿನ ಭಯ ಬೇರೆ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ಬಿಸಿಬಿಸಿ ಗಂಜಿ, ಅನ್ನ, ಸಾರು ಮಾಡಿ ತರಲಿ.

ದೊಡ್ಡಮನೆ

ಒಪ್ಪಿದೆ, ಪಾಷಾಣದ ಮಾತು ಬಿಟ್ಟೆ. ನಮ್ಮ ಮಾವನಿಗೆ ಮೈಲೋಮಾ ಇದೆ, ಅದೂ ಮೂಳೆಮಜ್ಜೆಯ ಕ್ಯಾನ್ಸರ್. ಬಿಪಿಗೆ ವೆರಪಾಮಿಲ್ ತೆಗೆದುಕೊಳ್ಳುತ್ತಾರೆ. ಅದು ಕ್ಯಾಲ್ಸಿಯಂ ಚಾನೆಲ್ ಮುಚ್ಚುವ ಮಾತ್ರೆ, ಕೀಮೋ ನಾಟದಿದ್ದರೆ ನಾಟುವಂತೆ ಮಾಡುತ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಡೋಸ್ ಜಾಸ್ತಿ ಮಾಡಿಸಬಹುದಾ?

ಪ್ಯಾಚ್‌ಕ್ಲ್ಯಾಂಪ್

ಬೇಡ. ಮೂಲ ಸಂಗತಿ ನಿಜ, ವಿಡಿಯೋದವರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಜಪಾನಿನ ತಕಾಶಿ ತ್ಸುರುವೊ 1981ರಲ್ಲಿ ಇಲಿಯ ಲುಕೇಮಿಯಾ ಕೋಶಗಳ ಮೇಲೆ ಇದನ್ನು ಕಂಡರು. ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿಗೆ ಬಗ್ಗದ ಕೋಶಗಳು ವೆರಪಾಮಿಲ್ ಸೇರಿಸಿದಾಗ ಬಗ್ಗಿದವು. ಆದರೆ ಕಾರಣ ಕ್ಯಾಲ್ಸಿಯಂ ಚಾನೆಲ್ ಅಲ್ಲ. ಆ ಕೋಶಗಳ ಪೊರೆಯಲ್ಲಿ ಔಷಧಿಯನ್ನು ಎತ್ತಿ ಹೊರಹಾಕುವ ಒಂದು ಪಂಪ್ ಇದೆ. ವೆರಪಾಮಿಲ್ ತಡೆದದ್ದು ಅದನ್ನು. ಆಗ ಬರೆದೆನಲ್ಲ, ತೂಬು ಬೇರೆ ಪಂಪ್‌ಸೆಟ್ಟು ಬೇರೆ ಅಂತ. ಇಲ್ಲಿ ಬೇಕಾಯಿತು.

ಪಂಪ್ ತಡೆಯಲು ಬೇಕಾದ ಡೋಸ್, ಬಿಪಿಗೆ ಕೊಡುವುದಕ್ಕಿಂತ ಬಹಳ ಹೆಚ್ಚು. ಅಷ್ಟು ಕೊಟ್ಟಾಗ ಬಿಪಿ ಕುಸಿದು, ಹೃದಯದ ಲಯ ತಪ್ಪಿತು. ಅಮೆರಿಕದಲ್ಲಿ ಮೈಲೋಮಾ ರೋಗಿಗಳ ಮೇಲೆಯೇ ದೊಡ್ಡ ಪ್ರಯೋಗ ನಡೆಯಿತು. 1995ರಲ್ಲಿ ಫಲಿತಾಂಶ ಬಂತು, ವೆರಪಾಮಿಲ್ ಸೇರಿಸಿದ್ದರಿಂದ ಲಾಭವಾಗಲಿಲ್ಲ. ನಿಮ್ಮ ಮಾವ ಬಿಪಿಗೆ ಎಷ್ಟು ಬರೆದಿದ್ದಾರೋ ಅಷ್ಟೇ ತೆಗೆದುಕೊಳ್ಳಲಿ. ಮೈಲೋಮಾ ನೋಡುವ ಡಾಕ್ಟರಿಗೆ ಈ ಮಾತ್ರೆಯ ವಿಷಯ ಗೊತ್ತಿರಲಿ.

ಬಿಎಸ್ಸಿ_ಹುಡುಗ

ಹರ್ಗ್ ಬಿಟ್ಟು ಬೇರೆ ಚಾನೆಲ್ ಯಾವುದಾದರೂ?

ಪ್ಯಾಚ್‌ಕ್ಲ್ಯಾಂಪ್

ಇವೆ. ಒಂದನ್ನು ಹೇಳುತ್ತೇನೆ, ಕೆವಿ 1.3. ಅದೂ ಪೊಟ್ಯಾಷಿಯಂ ಚಾನೆಲ್. ಸೋಂಕಿನ ವಿರುದ್ಧ ಹೋರಾಡುವ ನಮ್ಮ ಟಿ ಕೋಶಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಪೊಟ್ಯಾಷಿಯಂ ಚಾನೆಲ್ ಇದೆ, ಅವು ಸಕ್ರಿಯವಾಗಲು ಅದು ಬೇಕು ಅಂತ 1984ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕಂಡುಕೊಂಡರು. ಆ ನಾಲ್ವರಲ್ಲಿ ಜಾರ್ಜ್ ಚಾಂಡಿ, ಸುಧೀರ್ ಗುಪ್ತಾ ಇಬ್ಬರೂ ಭಾರತ ಮೂಲದವರು. ಆಮೇಲೆ ಇಟಲಿಯ ಪಡುವಾದಲ್ಲಿ ಇಲ್ಡಿಕೊ ಸಾಬೊ ಅವರ ತಂಡ ಇದೇ ಚಾನೆಲ್ ಅನ್ನು ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಪೊರೆಯಲ್ಲೂ ಕಂಡಿತು. ಅಲ್ಲಿ ಅದನ್ನು ಮುಚ್ಚಿದರೆ ಕೋಶ ಸಾವಿನ ಹಾದಿ ಹಿಡಿಯುತ್ತದೆ. ವಯಸ್ಸಾದವರಲ್ಲಿ ಕಾಣುವ ಸಿಎಲ್ಎಲ್ ಅನ್ನುವ ಲುಕೇಮಿಯಾದ ಬಿ ಕೋಶಗಳಲ್ಲಿ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಈ ಚಾನೆಲ್ ಜಾಸ್ತಿ.

ಆ ಚಾನೆಲ್ ಮುಚ್ಚುವ ಔಷಧಿಗಳಲ್ಲಿ ಒಂದು ಕ್ಲೊಫಜಿಮಿನ್. ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಎಂಡಿಟಿ ಪಟ್ಟಿಯಲ್ಲಿರುವ, ಚರ್ಮವನ್ನು ಕಂದುಗಪ್ಪಾಗಿಸುವ ಅದೇ ಮಾತ್ರೆ. ರೋಗಿಗಳಿಂದ ತೆಗೆದ ಸಿಎಲ್ಎಲ್ ಕೋಶಗಳು ತಟ್ಟೆಯಲ್ಲಿ ಅದಕ್ಕೆ ಸತ್ತವು. ಅದೇ ರಕ್ತದ ಟಿ ಕೋಶಗಳು ಬಹುಪಾಲು ಉಳಿದವು. ಹಳೆಯ, ಅಗ್ಗದ ಔಷಧಿಯೊಂದು ಹೀಗೆ ಹೊಸ ಕೆಲಸಕ್ಕೆ ಬರಬಹುದು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಚಾರ. ಆದರೂ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕ್ಲೊಫಜಿಮಿನ್ ಕೂಡ ಕ್ಯೂಟಿ ಉದ್ದ ಮಾಡುತ್ತದೆ.

ಕರಾವಳಿ_ಭಟ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನನಗೆ ಸಿಎಂಎಲ್, ಇನ್ನೊಂದು ಬಗೆಯ ಲುಕೇಮಿಯಾ. ಇಮಾಟಿನಿಬ್ ಕೆಲಸ ಮಾಡದೆ ಈಗ ನಿಲೊಟಿನಿಬ್ ಕ್ಯಾಪ್ಸೂಲಿಗೆ ಬದಲಿಸಿದ್ದಾರೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಅಂದರು. ಇಮಾಟಿನಿಬ್ ಊಟದ ಜೊತೆ ತೆಗೆದುಕೊಳ್ಳುತ್ತಿದ್ದೆ. ಅಸಿಡಿಟಿ ಆಗುತ್ತದೆ, ಊಟದ ಮೇಲೆ ತೆಗೆದುಕೊಂಡರೆ ಏನಾಗುತ್ತದೆ? ಇದಕ್ಕೂ ಹರ್ಗ್‌ಗೂ ಸಂಬಂಧ ಇದೆಯಾ?

ಮೆಡಿಕಲ್‌ಶಾಪ್_ಗಿರಿ

ಇದೆ ಭಟ್ರೇ. ನಿಲೊಟಿನಿಬ್‌ಗೆ ಅತಿ ಗಂಭೀರ ಎಚ್ಚರಿಕೆ ಇರುವುದೇ ಕ್ಯೂಟಿ ಬಗ್ಗೆ. ಎಣ್ಣೆ, ಕೊಬ್ಬು ಜಾಸ್ತಿ ಇರುವ ಊಟದ ಮೇಲೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಔಷಧಿ ಸುಮಾರು 80% ಹೆಚ್ಚುತ್ತದೆ. ಒಂದೇ ಕ್ಯಾಪ್ಸೂಲ್ ನುಂಗಿದರೂ ಹೃದಯಕ್ಕೆ ಹೆಚ್ಚು ಡೋಸ್ ತಲುಪಿದ ಹಾಗೆ. ನುಂಗುವ ಮುಂಚೆ ಎರಡು ಗಂಟೆ, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಶುರು ಮಾಡುವ ಮುಂಚೆ ಒಂದು ಇಸಿಜಿ, ಒಂದು ವಾರಕ್ಕೆ ಇನ್ನೊಂದು ಆಗಬೇಕು. ಆಗದಿದ್ದರೆ ನೀವೇ ಕೇಳಿ. ಅಸಿಡಿಟಿಗೆ ಗ್ಯಾಸ್ ಮಾತ್ರೆ ಬೇಡ. ಡೊಂಪೆರಿಡೋನ್ ವಿಷಯ ಮೇಲೆ ಬರೆದೆ. ಪ್ಯಾಂಟೊಪ್ರಜೋಲ್ ಬಗೆಯವು ಈ ಔಷಧಿ ಮೈಗೆ ಹತ್ತುವುದನ್ನೇ ಕಡಿಮೆ ಮಾಡುತ್ತವೆ. ಏನು ತೆಗೆದುಕೊಳ್ಳಬೇಕು ಅಂತ ನಿಮ್ಮ ಡಾಕ್ಟರೇ ಹೇಳಲಿ.

ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತಲೂ ಬರೆದಿರುತ್ತದೆ. ನಮ್ಮಲ್ಲಿ ಅದು ಸಿಗುವುದು ಅಪರೂಪ, ಆದರೆ ಚಕ್ಕೋತ ಸಿಗುತ್ತದಲ್ಲ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದ ಬೆರಕೆಯಿಂದ. ಔಷಧಿ ಕರಗಿಸುವ ಕಿಣ್ವವನ್ನು ತಡೆಯುವ ಅಂಶ ಇದರಲ್ಲೂ ಇದೆ. ಯಾರಾದರೂ ದೇವನಹಳ್ಳಿ ಚಕ್ಕೋತ ತಂದುಕೊಟ್ಟರೆ ಮನೆಯ ಉಳಿದವರು ತಿನ್ನಲಿ.

ಕರಾವಳಿ_ಭಟ್

ರಾತ್ರಿ ಊಟ ಎಂಟಕ್ಕೆ ಮುಗಿಯುತ್ತದೆ. ಹಾಗಾದರೆ ಹತ್ತಕ್ಕೆ ನುಂಗಿದರೆ ಸರಿ ಅಲ್ವಾ? ಮಲಗುವಾಗ ಒಂದು ಲೋಟ ಹಾಲು ಕುಡಿಯುವ ಅಭ್ಯಾಸ ಇದೆ.

ಮೆಡಿಕಲ್‌ಶಾಪ್_ಗಿರಿ

ಹತ್ತು ಸರಿ. ಬೆಳಗ್ಗಿನದೂ ಹತ್ತಕ್ಕೇ ಇಟ್ಟುಕೊಳ್ಳಿ, ಹನ್ನೆರಡು ಗಂಟೆ ಅಂತರ ಸಿಗುತ್ತದೆ. ತಿಂಡಿ ಎಂಟರೊಳಗೆ ಮುಗಿಸಿ, ಇಲ್ಲದಿದ್ದರೆ ಹನ್ನೊಂದರ ಮೇಲೆ ತಿನ್ನಿ. ಹಾಲನ್ನು ಊಟದ ಜೊತೆಗೇ ಕುಡಿದುಬಿಡಿ. ಎಂಟರಿಂದ ಹನ್ನೊಂದರವರೆಗೆ ನೀರು ಮಾತ್ರ.